ಫೋನ್ ಕೈತಪ್ಪುವ ಮೊದಲೇ ಮಾಡಿಡಬೇಕಾದ ಕೆಲಸಗಳು: ಮೊಬೈಲ್ ಆರೈಕೆ ಮತ್ತು ಸುರಕ್ಷತೆಯ ಸಮಗ್ರ ಮಾರ್ಗದರ್ಶಿ

ಫೋನ್ ಕಳೆದರೆ ಇನ್ನೊಂದು ಕೊಳ್ಳಬಹುದು. ಅದರೊಳಗಿನ ಫೋಟೊಗಳು, ಬ್ಯಾಂಕ್ ಖಾತೆಯ ಕೀಲಿ, ಇ-ಮೇಲ್, ಇಷ್ಟು ವರ್ಷ ಎಲ್ಲರಿಗೂ ಕೊಟ್ಟಿರುವ ನಮ್ಮ ನಂಬರು ಬೇರೆಯವರ ಕೈಸೇರಿದರೆ ಅದನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು. ಹಾಗಿದ್ದರೂ ಮೊಬೈಲ್ ಜೋಪಾನ ಎಂದ ಕೂಡಲೇ ಹೆಚ್ಚಿನವರ ಗಮನ ಹೋಗುವುದು ಕವರ್ ಮತ್ತು ಸ್ಕ್ರೀನ್ ಗಾರ್ಡ್ ಕಡೆಗೆ. ಅವೂ ಬೇಕು. ಅಂಚು ಗಾಜಿಗಿಂತ ತುಸು ಎತ್ತರಕ್ಕಿರುವ ಕವರ್ ಹಾಕಿಕೊಳ್ಳಿ, ಆ ವಿಷಯ ಅಲ್ಲಿಗೆ ಮುಗಿಯಿತು. ಉಳಿದದ್ದು ಹೆಚ್ಚು ಮುಖ್ಯ.

ಈ ಬರಹದುದ್ದಕ್ಕೂ ನನ್ನ ಒತ್ತು ಒಂದೇ ಮಾತಿನ ಮೇಲೆ: ಫೋನ್ ಎಂದಾದರೊಂದು ದಿನ ಕಳೆಯುತ್ತದೆ, ಒಡೆಯುತ್ತದೆ ಇಲ್ಲವೇ ನೀರಿಗೆ ಬೀಳುತ್ತದೆ ಎಂದು ಈಗಲೇ ಒಪ್ಪಿಕೊಂಡು ಬಳಸಿ. ಆ ದಿನ ಬಂದಾಗ ಮಾಡಲು ಆಗದ ಕೆಲಸಗಳೇ ಜಾಸ್ತಿ. ಹಾಗಾಗಿ ಬ್ಯಾಟರಿಗಿಂತ ಮೊದಲು ಅಲ್ಲಿಂದಲೇ ಶುರು ಮಾಡೋಣ.

ಹಂತ 1: ಫೋನ್ ಕೈಯಲ್ಲಿರುವಾಗಲೇ ಮಾಡುವ ಸಿದ್ಧತೆ

ಕರೆ ಮಾಡುವ ಜಾಗದಲ್ಲಿ *#06# ಒತ್ತಿ. ಕೂಡಲೇ 15 ಅಂಕಿಗಳ ಐಎಂಇಐ ಸಂಖ್ಯೆ, ಅಂದರೆ ಆ ಫೋನಿಗಷ್ಟೇ ಸೇರಿದ ಗುರುತಿನ ಸಂಖ್ಯೆ, ಕಾಣುತ್ತದೆ. ಎರಡು ಸಿಮ್‌ನ ಫೋನಾದರೆ ಎರಡು ಸಂಖ್ಯೆಗಳಿರುತ್ತವೆ. ದೂರು ಕೊಡುವಾಗ, ಕಳವಾದ ಫೋನನ್ನು ನೆಟ್‌ವರ್ಕ್‌ನಲ್ಲಿ ನಿರ್ಬಂಧಿಸುವಂತೆ ಕೇಳುವಾಗ ಬೇಕಾಗುವುದು ಇದೇ. ಕಾಗದದ ಮೇಲೆ ಬರೆದು ಮನೆಯಲ್ಲಿಡಿ. ಅದೇ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡರೆ ಫೋನ್ ಜೊತೆ ಅದೂ ಹೋಗುತ್ತದೆ.

ಇನ್ನು ಸ್ಕ್ರೀನ್ ಲಾಕ್. ನಾಲ್ಕು ಅಂಕಿಯ ಪಿನ್‌ನಲ್ಲಿ 10,000 ಸಾಧ್ಯತೆಗಳಿದ್ದರೆ, ಆರು ಅಂಕಿಯದರಲ್ಲಿ 10 ಲಕ್ಷ. ಆರನ್ನೇ ಇಡಿ. ಹುಟ್ಟಿದ ದಿನ, ವಾಹನದ ನಂಬರು, 123456 ಬೇಡ. ಗೆರೆ ಎಳೆದು ತೆರೆಯುವ ಪ್ಯಾಟರ್ನ್ ನನಗೆ ಒಪ್ಪಿಗೆಯಿಲ್ಲ. ಸ್ಕ್ರೀನ್ ಆರಿಸಿ, ಫೋನನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಬೆರಳಿನ ಎಣ್ಣೆಯಂಶ ಗಾಜಿನ ಮೇಲೆ ಬಿಟ್ಟ ಜಾಡು ಎಷ್ಟೋ ಸಲ ಹಾಗೇ ಎದ್ದು ಕಾಣುತ್ತದೆ. ಪಕ್ಕದಲ್ಲಿ ಕೂತವರಿಗೂ ಪ್ಯಾಟರ್ನ್ ನೆನಪಿಟ್ಟುಕೊಳ್ಳುವುದು ಅಂಕಿಗಳಿಗಿಂತ ಸುಲಭ.

ಬೆರಳಚ್ಚು ಅಥವಾ ಮುಖ ತೋರಿಸಿ ತೆರೆಯುವವರೂ ಪಿನ್ ಬಗ್ಗೆ ಉದಾಸೀನ ಮಾಡುವಂತಿಲ್ಲ. ಜನಜಂಗುಳಿಯಲ್ಲಿ ಹಿಂದೆ ನಿಂತು ಪಿನ್ ಒತ್ತುವುದನ್ನು ನೋಡಿಕೊಂಡು, ಆಮೇಲೆ ಫೋನ್ ಕಿತ್ತುಕೊಂಡು ಓಡುವ ಕಳ್ಳರಿದ್ದಾರೆ. ಪಿನ್ ಗೊತ್ತಿದ್ದರೆ ಖಾತೆಯ ಪಾಸ್‌ವರ್ಡ್ ಬದಲಿಸುವುದಕ್ಕೂ ದಾರಿಯಾಗುತ್ತದೆ. ಇದನ್ನು ತಡೆಯಲೆಂದೇ ಆಪಲ್ 2024ರ ಜನವರಿಯಲ್ಲಿ, ಐಒಎಸ್ 17.3ರ ಜೊತೆ, ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’ ತಂದಿತು. ಕೈಯಿಂದ ಕಿತ್ತು ಓಡಿದಂಥ ಚಲನೆ ಗೊತ್ತಾದ ಕೂಡಲೇ ಸ್ಕ್ರೀನ್ ಲಾಕ್ ಮಾಡುವ ಸೌಲಭ್ಯವನ್ನು ಗೂಗಲ್ ಕೂಡ ಅದೇ ವರ್ಷ ಆಂಡ್ರಾಯ್ಡ್‌ಗೆ ಕೊಟ್ಟಿತು. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಥೆಫ್ಟ್’ ಅಥವಾ ‘ಸ್ಟೋಲನ್’ ಎಂದು ಹುಡುಕಿ, ಇದ್ದರೆ ಇಂದೇ ಆನ್ ಮಾಡಿ. ಹೊರಗೆ ಇರುವಾಗ ಆದಷ್ಟೂ ಬೆರಳಚ್ಚಿನಿಂದಲೇ ತೆರೆಯಿರಿ.

ಲಾಕ್ ಆದ ಸ್ಕ್ರೀನ್ ಮೇಲೆ ಮೆಸೇಜಿನ ಒಳಗಿನ ಮಾತು ಕಾಣಿಸದಂತೆ ನೋಟಿಫಿಕೇಷನ್ ಸೆಟ್ಟಿಂಗ್‌ನಲ್ಲಿ ಮುಚ್ಚಿಡಿ. ಒಟಿಪಿ ಓದಲು ಕಳ್ಳನಿಗೆ ಲಾಕ್ ತೆರೆಯುವ ಅಗತ್ಯವೇ ಬೀಳಬಾರದಲ್ಲ!

ಈಗ ಬಹಳ ಜನ ಕೇಳಿಯೇ ಇರದ ಒಂದು ಬೀಗದ ಬಗ್ಗೆ ಹೇಳಬೇಕು. ನಿಮ್ಮ ಫೋನಿನ ಲಾಕ್ ಎಷ್ಟೇ ಗಟ್ಟಿಯಿರಲಿ, ಕಳ್ಳ ಸಿಮ್ ಹೊರತೆಗೆದು ತನ್ನ ಫೋನಿಗೆ ಹಾಕಿಕೊಂಡರೆ ನಿಮ್ಮ ನಂಬರಿಗೆ ಬರುವ ಪ್ರತಿ ಒಟಿಪಿಯೂ ಅವನಿಗೆ ಹೋಗುತ್ತದೆ. ಇದಕ್ಕೆ ಪರಿಹಾರ ಸಿಮ್ ಪಿನ್. ಅದನ್ನು ಇಟ್ಟರೆ, ಬೇರೆ ಫೋನಿಗೆ ಹಾಕಿದಾಗ ಅಥವಾ ಫೋನ್ ಆಫ್ ಆಗಿ ಆನ್ ಆದಾಗ ಸಿಮ್ ತಾನೇ ಪಿನ್ ಕೇಳುತ್ತದೆ. ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ‘ಸಿಮ್ ಲಾಕ್’ ಅಥವಾ ‘ಸಿಮ್ ಪಿನ್’ ಹೆಸರಿನಲ್ಲಿ ಸಿಗುತ್ತದೆ. ಆದರೆ ಆತುರ ಬೇಡ. ಮೊದಲ ಸಲ ಆನ್ ಮಾಡುವಾಗ ಅದು ಕೇಳುವುದು ಸಿಮ್ ಕಂಪನಿಯೇ ಇಟ್ಟಿರುವ ಪಿನ್ ಅನ್ನು. ಊಹಿಸಿ ಒತ್ತಬೇಡಿ, ಕಂಪನಿಯವರನ್ನೇ ಕೇಳಿ ತಿಳಿದುಕೊಳ್ಳಿ, ಆಮೇಲೆ ನಿಮ್ಮದಕ್ಕೆ ಬದಲಿಸಿ. ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗಿ ಪಿಯುಕೆ ಎಂಬ ಎಂಟು ಅಂಕಿಯ ಸಂಕೇತ ಬೇಕಾಗುತ್ತದೆ. ಅದನ್ನೂ ಹತ್ತು ಸಲ ತಪ್ಪಿದರೆ ಆ ಸಿಮ್ ಮತ್ತೆ ಕೆಲಸ ಮಾಡುವುದಿಲ್ಲ. ಹೊಸ ಪಿನ್ ಮತ್ತು ಪಿಯುಕೆ ಎರಡನ್ನೂ ಐಎಂಇಐ ಬರೆದ ಕಾಗದದಲ್ಲೇ ಬರೆದಿಡಿ.

ಕಳೆದ ಫೋನನ್ನು ಹುಡುಕುವ ಸೌಲಭ್ಯ ಆಂಡ್ರಾಯ್ಡ್‌ನಲ್ಲಿ ‘ಫೈಂಡ್ ಹಬ್’ (ಮೊದಲು ‘ಫೈಂಡ್ ಮೈ ಡಿವೈಸ್’ ಎನ್ನುತ್ತಿದ್ದರು), ಐಫೋನ್‌ನಲ್ಲಿ ‘ಫೈಂಡ್ ಮೈ’. ಆನ್ ಮಾಡಿ ಸುಮ್ಮನಾಗಬೇಡಿ, ಒಮ್ಮೆ ಪರೀಕ್ಷೆ ಮಾಡಿ. ಮನೆಯವರ ಫೋನಿನಿಂದ ಅಥವಾ ಕಂಪ್ಯೂಟರ್‌ನಿಂದ ನಿಮ್ಮ ಖಾತೆಗೆ ಲಾಗಿನ್ ಆಗಿ, ನಿಮ್ಮ ಫೋನ್ ಎಲ್ಲಿದೆ ಎಂದು ನೋಡಿ, ರಿಂಗ್ ಮಾಡಿಸಿ. ಪರೀಕ್ಷೆ ಮಾಡಿದಾಗಲೇ ಒಂದು ತೊಡಕು ಕಣ್ಣಿಗೆ ಬೀಳಬಹುದು: ಲಾಗಿನ್ ಆಗಲು ಕೇಳುವ ಒಟಿಪಿ ಬರುವುದು ಅದೇ ಕಳೆದ ಫೋನಿಗೆ! ಇದಕ್ಕಾಗಿಯೇ ಗೂಗಲ್ ಖಾತೆಯಲ್ಲಿ ಒಮ್ಮೆಗೊಂದರಂತೆ ಬಳಸುವ ‘ಬ್ಯಾಕಪ್ ಕೋಡ್’ಗಳಿವೆ. ಅವನ್ನು ಪ್ರಿಂಟ್ ತೆಗೆದು ಅಥವಾ ಬರೆದು ಇಟ್ಟುಕೊಳ್ಳಿ. ಆಪಲ್ ಖಾತೆಗಾದರೆ ಮನೆಯ ಇನ್ನೊಬ್ಬರ ನಂಬರನ್ನೂ ನಂಬಿಕೆಯ ನಂಬರಾಗಿ ಸೇರಿಸಿಡಿ.

ಕೊನೆಯದಾಗಿ ಬ್ಯಾಕಪ್. ‘ಆನ್ ಇದೆ’ ಎಂದು ತೋರಿಸಿದರೆ ಸಾಲದು. ಜಾಗ ತುಂಬಿ ತಿಂಗಳುಗಟ್ಟಲೆ ನಿಂತೇ ಹೋಗಿರುವ ಬ್ಯಾಕಪ್‌ಗಳು ಎಷ್ಟೋ ಇವೆ. ಬೇರೊಂದು ಸಾಧನದಲ್ಲಿ ತೆರೆದು, ನಿನ್ನೆ ತೆಗೆದ ಫೋಟೊ ಅಲ್ಲಿದೆಯೇ ನೋಡಿ. ಬೆಲೆ ಕಟ್ಟಲಾಗದ ಫೋಟೊಗಳು ಎರಡು ಕಡೆ ಇರಲಿ, ಆನ್‌ಲೈನ್‌ನಲ್ಲೊಂದು ಪ್ರತಿ, ಹಾರ್ಡ್ ಡಿಸ್ಕ್‌ನಲ್ಲೊಂದು.

ಹಂತ 2: ಬ್ಯಾಟರಿಗೆ ತಾಪವೇ ಶತ್ರು

ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ ಮೊದಲು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದಕ್ಕೂ ಹಿಂದಿನ ನಿಕ್ಕಲ್ ಬ್ಯಾಟರಿಗಳ ಕಾಲದ ಸಲಹೆಗಳು ಇನ್ನೂ ಜನರ ಬಾಯಲ್ಲಿ ಓಡಾಡುತ್ತಿವೆ: ‘ಪೂರ್ತಿ ಖಾಲಿಯಾಗಲಿ, ಆಮೇಲೆ ಚಾರ್ಜ್ ಮಾಡು’, ‘ಹೊಸ ಫೋನನ್ನು ಮೊದಲ ದಿನ ಎಂಟು ಗಂಟೆ ಚಾರ್ಜ್‌ಗೆ ಹಾಕು’. ಇಂದಿನ ಬ್ಯಾಟರಿಗೆ ಇವೆರಡೂ ಬೇಕಿಲ್ಲ. ಪದೇ ಪದೇ ಪೂರ್ತಿ ಖಾಲಿ ಮಾಡುವುದು ಅದಕ್ಕೆ ಕೆಡುಕೇ.

ಬ್ಯಾಟರಿ ಸವೆಯುವುದನ್ನು ಸೈಕಲ್ ಲೆಕ್ಕದಲ್ಲಿ ಹೇಳುತ್ತಾರೆ. ಇಂದು 60, ನಾಳೆ 40 ಪ್ರತಿಶತ ಬಳಸಿದರೆ ಅಲ್ಲಿಗೆ ಒಂದು ಸೈಕಲ್. ಐಫೋನ್ 14 ಮತ್ತು ಹಿಂದಿನವು 500 ಸೈಕಲ್‌ಗಳ ನಂತರ, ಐಫೋನ್ 15ರಿಂದ ಮುಂದಿನವು 1,000 ಸೈಕಲ್‌ಗಳ ನಂತರ ಮೂಲ ಸಾಮರ್ಥ್ಯದ 80 ಪ್ರತಿಶತ ಉಳಿಸಿಕೊಳ್ಳುವಂತೆ ವಿನ್ಯಾಸಗೊಂಡಿವೆ ಎಂದು ಆಪಲ್ ಹೇಳುತ್ತದೆ. ಆದರೆ ಇದು ಅನುಕೂಲಕರ ಪರಿಸ್ಥಿತಿಯ ಮಾತು. ಬಿಸಿ ಮತ್ತು ಪೂರ್ತಿ ಚಾರ್ಜ್ ಎರಡೂ ಒಟ್ಟಾದಾಗ ಬ್ಯಾಟರಿಯೊಳಗಿನ ರಾಸಾಯನಿಕಗಳು ಬೇಗ ಹದಗೆಡುತ್ತವೆ. 35 ಡಿಗ್ರಿ ಸೆಲ್ಸಿಯಸ್ ಮೀರಿದ ಜಾಗದಲ್ಲಿ ಬಳಸಿದರೆ ಬ್ಯಾಟರಿ ಸಾಮರ್ಥ್ಯ ಶಾಶ್ವತವಾಗಿ ತಗ್ಗಬಹುದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ, ಡ್ಯಾಶ್‌ಬೋರ್ಡ್ ಮೇಲೆ, ತಾಪ ಇದನ್ನು ಎಂದೋ ದಾಟಿರುತ್ತದೆ.

ಹಾಗಾಗಿ ದಿನನಿತ್ಯ ಮಾಡಬೇಕಾದದ್ದು ಇಷ್ಟೇ. 20ರಿಂದ 80 ಪ್ರತಿಶತದ ನಡುವೆ ಇಟ್ಟುಕೊಳ್ಳಲು ನೋಡಿ. ಫೋನ್‌ನಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದ್ದರೆ ಆನ್ ಮಾಡಿ, ದೂರದ ಪ್ರಯಾಣಕ್ಕೆ ಹೊರಡುವ ದಿನ ಮಾತ್ರ 100 ಮಾಡಿ. ರಾತ್ರಿಯಿಡೀ ಚಾರ್ಜ್‌ಗೆ ಹಾಕುವುದು ಮಹಾಪರಾಧವೇನಲ್ಲ, ತುಂಬಿದ ಮೇಲೆ ಫೋನ್ ತಾನೇ ನಿಲ್ಲಿಸಿಕೊಳ್ಳುತ್ತದೆ. ಆದರೆ ದಿಂಬಿನ ಕೆಳಗೆ, ಹಾಸಿಗೆಯ ಮೇಲೆ, ಹೊದಿಕೆಯ ಮಡಿಕೆಯೊಳಗೆ ಇಟ್ಟು ಚಾರ್ಜ್ ಮಾಡಲೇಬೇಡಿ. ಅಲ್ಲಿ ಬಿಸಿ ಹೊರಹೋಗಲು ದಾರಿಯಿಲ್ಲ. ಚಾರ್ಜ್ ಆಗುತ್ತಿರುವಾಗಲೇ ಗೇಮ್ ಆಡುವುದು, ದೀರ್ಘ ವಿಡಿಯೊ ಕರೆ ಮಾಡುವುದು ಎರಡು ಕಡೆಯಿಂದ ಬಿಸಿ ತರುತ್ತದೆ. ಫೋನ್ ಸುಡುತ್ತಿದೆ ಎನಿಸಿದರೆ ಚಾರ್ಜರ್ ತೆಗೆದು, ಕವರ್ ಬಿಚ್ಚಿ, ನೆರಳಿನಲ್ಲಿಡಿ. ಫ್ರಿಜ್‌ನಲ್ಲಿಡಬೇಡಿ, ಒಳಗೆ ನೀರಿನ ಹನಿ ಕಟ್ಟುತ್ತದೆ. ಬಹಳ ದಿನ ಬಳಸದೆ ಎತ್ತಿಡುವ ಫೋನನ್ನು ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ ಇಡಿ. ಆರು ತಿಂಗಳಿಗೊಮ್ಮೆ ಮತ್ತೆ ಅರ್ಧಕ್ಕೆ ತನ್ನಿ.

ಚಾರ್ಜರ್ ಮತ್ತು ಕೇಬಲ್ ವಿಷಯದಲ್ಲಿ ಉಳಿತಾಯ ಬೇಡ. ಫೋನ್ ಕಂಪನಿಯದೇ ಆಗಬೇಕೆಂದಿಲ್ಲ, ಆದರೆ ಹೆಸರಿಲ್ಲದ ನಕಲಿ ಬೇಡ. ಕೇಬಲ್‌ನ ಕತ್ತಿನ ಬಳಿ ತೊಗಲು ಸುಲಿದು ತಂತಿ ಕಂಡರೆ ಟೇಪ್ ಸುತ್ತಿ ಓಡಿಸದೆ ಬಿಸಾಕಿ.

ಬ್ಯಾಟರಿ ಉಬ್ಬಿದರೆ ಮಾತ್ರ ಒಂದು ದಿನವೂ ಕಾಯಬಾರದು. ಹಿಂಬದಿಯ ಮುಚ್ಚಳ ಮೇಲೆದ್ದಿದೆ, ಸ್ಕ್ರೀನ್‌ನ ಒಂದು ಅಂಚು ಬಿಟ್ಟುಕೊಂಡು ಸಂದಿಯಲ್ಲಿ ಬೆಳಕು ಕಾಣುತ್ತಿದೆ, ಮೇಜಿನ ಮೇಲಿಟ್ಟರೆ ಫೋನ್ ಅಲುಗಾಡುತ್ತಿದೆ ಎಂದಾದರೆ ಒಳಗೆ ಅನಿಲ ತುಂಬಿದೆ ಎಂದರ್ಥ. ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ. ಆಫ್ ಮಾಡಿ, ಬೆಂಕಿ ಹತ್ತುವ ವಸ್ತುಗಳಿಂದ ದೂರ, ಕಲ್ಲು ಅಥವಾ ಟೈಲ್ಸ್ ಮೇಲಿಟ್ಟು ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಕಸದ ಬುಟ್ಟಿಗೆ ಹಾಕಬೇಡಿ. 2016ರಲ್ಲಿ ಬ್ಯಾಟರಿ ದೋಷದಿಂದ ಬೆಂಕಿ ಹೊತ್ತಿಕೊಂಡ ಕಾರಣ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು ಹಿಂಪಡೆದು ಆ ಮಾದರಿಯನ್ನೇ ನಿಲ್ಲಿಸಿತು. ಅಂಗೈಯಗಲದ ವಸ್ತುವಿನಲ್ಲಿ ಎಷ್ಟು ಶಕ್ತಿ ಅಡಗಿದೆ ಎಂಬುದಕ್ಕೆ ಅದೇ ಸಾಕ್ಷಿ. ವಿಮಾನದಲ್ಲಿ ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕೆಂಬ ನಿಯಮವೂ ಇದಕ್ಕೇ. ಫೋನ್ ಸೀಟಿನ ಸಂದಿಗೆ ಜಾರಿದರೆ ಸೀಟನ್ನು ಹಿಂದೆ ಮುಂದೆ ಮಾಡಬೇಡಿ, ಜಜ್ಜಿದರೆ ಅಪಾಯ. ಸಿಬ್ಬಂದಿಯನ್ನು ಕರೆಯಿರಿ.

ಹಂತ 3: ನೀರು, ದೂಳು, ಕೊಳೆ

ಫೋನ್ ನೀರು, ದೂಳು ತಡೆಯುವ ಮಟ್ಟ ಐಪಿ68 ಎಂದಿದ್ದರೆ ಮೊದಲ ಅಂಕಿ 6, ದೂಳು ಒಳಹೋಗದು ಎನ್ನುತ್ತದೆ. ಎರಡನೆಯ 8, ಕಂಪನಿ ಹೇಳಿದಷ್ಟು ಆಳದಲ್ಲಿ, ಹೇಳಿದಷ್ಟು ಹೊತ್ತು ನೀರು ತಡೆಯುತ್ತದೆ ಎನ್ನುತ್ತದೆ. ಇದು ಪ್ರಯೋಗಾಲಯದ ಸಿಹಿನೀರಿನ, ಹೊಸ ಫೋನಿನ ಪರೀಕ್ಷೆ. ಎರಡು ವರ್ಷ ಬಳಸಿ, ಎರಡು ಸಲ ಕೆಳಗೆ ಬಿದ್ದು, ಒಮ್ಮೆ ಬಿಚ್ಚಿ ರಿಪೇರಿಯಾದ ಫೋನಿನ ಒಳಅಂಟು ಹಾಗೇ ಇರುತ್ತದೆಂದು ನಂಬಬೇಡಿ. ಸಮುದ್ರದ ನೀರು, ಸೋಪಿನ ನೀರು ಇನ್ನೂ ಕೆಟ್ಟದ್ದು.

ನೀರಿಗೆ ಬಿದ್ದರೆ ಮೊದಲು ಹೊರತೆಗೆದು ಆಫ್ ಮಾಡಿ. ‘ಕೆಲಸ ಮಾಡುತ್ತಿದೆಯಾ ನೋಡೋಣ’ ಎಂದು ಆನ್ ಮಾಡುವ, ಚಾರ್ಜ್‌ಗೆ ಹಾಕುವ ಆಸೆ ತಡೆದುಕೊಳ್ಳಿ. ಫೋನ್ ಕೆಡುವುದು ನೀರಿನಿಂದ ಮಾತ್ರವಲ್ಲ, ಒದ್ದೆಯಿರುವಾಗ ಹರಿಯುವ ವಿದ್ಯುತ್ತಿನಿಂದ. ಕವರ್, ಸಿಮ್ ಟ್ರೇ ತೆಗೆಯಿರಿ, ಒರೆಸಿ. ಚಾರ್ಜಿಂಗ್ ತೂತನ್ನು ಕೆಳಮುಖ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಇಡಿ. ಒಂದು ದಿನ ಪೂರ್ತಿ ಬಿಡುವುದು ಒಳ್ಳೆಯದು. ಹೇರ್ ಡ್ರೈಯರ್ ಬಿಸಿ ಬೇಡ. ಅಕ್ಕಿಯಲ್ಲಿ ಹೂತಿಡುವ ಉಪಾಯವೂ ಬೇಡ: ಅಕ್ಕಿಯ ಪುಡಿ ಒಳಸೇರಿ ಹಾನಿ ಮಾಡಬಹುದೆಂದು ಆಪಲ್ ಕೂಡ ತನ್ನ ಸೂಚನೆಗಳಲ್ಲಿ ಎಚ್ಚರಿಸಿದೆ.

‘ಚಾರ್ಜರ್ ಸಡಿಲವಾಗಿದೆ, ಅಲ್ಲಾಡಿಸಿದರೆ ಮಾತ್ರ ಚಾರ್ಜ್ ಆಗುತ್ತದೆ’ ಎಂಬ ದೂರು ಬಹಳ ಸಲ ಕೊಳೆಯ ಕಥೆ. ಜೇಬಿನ ನೂಲಿನೆಳೆ, ದೂಳು ತೂತಿನೊಳಗೆ ಸೇರಿ, ಪ್ರತಿ ಸಲ ಕೇಬಲ್ ಚುಚ್ಚಿದಾಗಲೂ ಹಿಂದಕ್ಕೆ ಒತ್ತಿಕೊಂಡು ಗಟ್ಟಿಯಾದ ಪದರ ಕಟ್ಟಿರುತ್ತದೆ. ಫೋನ್ ಆಫ್ ಮಾಡಿ, ಟಾರ್ಚ್ ಹಿಡಿದು ಒಳಗೆ ನೋಡಿ. ಮರದ ಅಥವಾ ಪ್ಲಾಸ್ಟಿಕ್ಕಿನ ಹಲ್ಲುಕಡ್ಡಿಯನ್ನು ಒಂದು ಬದಿಯ ಗೋಡೆಗೆ ತಾಗಿಸಿ ಒಳಗಿಳಿಸಿ, ಮೆಲ್ಲಗೆ ಹೊರಗೆ ಕೆರೆಯಿರಿ. ಬೂದು ಬಣ್ಣದ ಉಂಡೆ ಹೊರಬಂದೀತು. ಟೈಪ್-ಸಿ ತೂತಿನ ನಡುವೆ ತೆಳುವಾದ ನಾಲಿಗೆಯಿದೆ, ಅದಕ್ಕೆ ಒತ್ತಡ ಬೀಳದಿರಲಿ. ಗುಂಡುಸೂಜಿ, ಪಿನ್ನು ಬಳಸಬೇಡಿ.

ಸ್ಕ್ರೀನ್ ಒರೆಸಲು ನೂಲೇಳದ ಮೆತ್ತನೆ ಬಟ್ಟೆ ಸಾಕು. ಸೋಂಕು ತೊಳೆಯಬೇಕೆಂದಿದ್ದರೆ 70 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲ್ ಇರುವ ವೈಪ್ ಬಳಸಿ. ದ್ರವವನ್ನು ಫೋನ್ ಮೇಲೆ ನೇರವಾಗಿ ಸಿಂಪಡಿಸಬೇಡಿ.

ಹಂತ 4: ಆ್ಯಪ್‌ಗಳಿಗೆ ಎಷ್ಟು ಕೊಡಬೇಕು

ಆಂಡ್ರಾಯ್ಡ್ 6ರಿಂದ, ಅಂದರೆ 2015ರಿಂದ, ಆ್ಯಪ್‌ಗಳು ಕ್ಯಾಮೆರಾ, ಮೈಕ್, ಸಂಪರ್ಕಗಳನ್ನು ಬಳಸುವ ಮುನ್ನ ನಮ್ಮನ್ನು ಕೇಳಲೇಬೇಕು. ಕೇಳುವುದನ್ನೇನೋ ಕೇಳುತ್ತವೆ, ನಾವೇ ಓದದೆ ‘ಅಲೌ’ ಒತ್ತುತ್ತೇವೆ. ಟಾರ್ಚ್ ಆ್ಯಪ್‌ಗೆ ನಿಮ್ಮ ಫೋನ್‌ಬುಕ್ ಯಾಕೆ? ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ‘ಪರ್ಮಿಷನ್ ಮ್ಯಾನೇಜರ್’ ತೆರೆದು, ಎಸ್‌ಎಂಎಸ್, ಮೈಕ್, ಲೊಕೇಷನ್ ಯಾರ ಬಳಿಯಿದೆ ನೋಡಿ, ಬೇಡದ್ದನ್ನು ಕಿತ್ತುಕೊಳ್ಳಿ. ಸ್ಕ್ರೀನ್ ಮೇಲ್ತುದಿಯಲ್ಲಿ ಹಸಿರು ಚುಕ್ಕೆ (ಐಫೋನ್‌ನಲ್ಲಿ ಮೈಕ್‌ಗೆ ಕಿತ್ತಳೆ) ಕಂಡರೆ ಆ ಹೊತ್ತಿಗೆ ಯಾವುದೋ ಆ್ಯಪ್ ಕ್ಯಾಮೆರಾ ಅಥವಾ ಮೈಕ್ ಬಳಸುತ್ತಿದೆ ಎಂದರ್ಥ.

ಎಲ್ಲಕ್ಕಿಂತ ಅಪಾಯದ್ದು ‘ಆ್ಯಕ್ಸೆಸಿಬಿಲಿಟಿ’ ಅನುಮತಿ. ದೃಷ್ಟಿ ಮಂದವಿರುವವರಿಗೆ, ಕೈ ಆಡಿಸಲು ಕಷ್ಟವಿರುವವರಿಗೆ ನೆರವಾಗಲು ಇರುವ ಈ ಸೌಲಭ್ಯ ಸ್ಕ್ರೀನ್ ಮೇಲಿನದನ್ನು ಓದಬಲ್ಲದು, ನಿಮ್ಮ ಪರವಾಗಿ ಒತ್ತಬಲ್ಲದು. ಬ್ಯಾಂಕ್ ಖಾತೆ ದೋಚುವ ಕುತಂತ್ರಾಂಶಗಳು ಕೇಳುವುದು ಇದನ್ನೇ. ಮೆಸೇಜಿನಲ್ಲಿ ಮದುವೆ ಆಮಂತ್ರಣ, ದಂಡದ ಚೀಟಿ, ಪಾರ್ಸೆಲ್ ವಿವರ ಎಂದು ಬರುವ ಎಪಿಕೆ ಫೈಲನ್ನು (ಆ್ಯಪ್ ಹಾಕಿಕೊಳ್ಳುವ ಫೈಲ್) ತಪ್ಪಿ ತೆರೆದು, ಅದು ಈ ಅನುಮತಿ ಕೇಳಿದರೆ ಅಲ್ಲೇ ನಿಲ್ಲಿಸಿ, ಅಳಿಸಿ. ಕಳಿಸಿದವರು ಪರಿಚಿತರೇ ಆಗಿದ್ದರೂ ಸರಿ, ಅವರ ಫೋನೇ ಕಳ್ಳರ ವಶದಲ್ಲಿರಬಹುದು. ಆ್ಯಪ್‌ಗಳನ್ನು ಅಧಿಕೃತ ಸ್ಟೋರ್‌ನಿಂದಲೇ ಹಾಕಿಕೊಳ್ಳಿ.

ಅಪ್‌ಡೇಟ್ ಬಂದರೆ ಮುಂದೂಡಬೇಡಿ, ರಾತ್ರಿ ಹಾಕಿಬಿಡಿ. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎನ್ನುವುದಕ್ಕಿಂತ ಮೊದಲು ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೀರಿ ಎಂದು ಕೇಳಿ. 2023ರಲ್ಲಿ ಬಂದ ಪಿಕ್ಸೆಲ್ 8ಕ್ಕೆ ಗೂಗಲ್ ಏಳು ವರ್ಷದ ಮಾತು ಕೊಟ್ಟಿತು. ಅಪ್‌ಡೇಟ್ ನಿಂತ ಫೋನ್ ಹಾಡು ಕೇಳಲು ಸರಿ, ಬ್ಯಾಂಕ್ ವ್ಯವಹಾರಕ್ಕೆ ಬೇಡ.

ಹಂತ 5: ಕರೆ ಮಾಡಿ ಅವಸರಪಡಿಸುವವರು

ಮೋಸದ ಕರೆಗಳ ವೇಷ ದಿನಕ್ಕೊಂದು, ಒಳಗಿನ ಸೂತ್ರ ಒಂದೇ: ಹೆದರಿಸು ಅಥವಾ ಆಸೆ ಹುಟ್ಟಿಸು, ಯೋಚಿಸಲು ಬಿಡಬೇಡ, ಕರೆ ಕಡಿಯಲು ಬಿಡಬೇಡ. ‘ಲೈನ್‌ನಲ್ಲೇ ಇರಿ, ಯಾರಿಗೂ ಹೇಳಬೇಡಿ’ ಎಂಬ ಮಾತು ಬಂತೆಂದರೆ ಅದೇ ಕರೆ ಕಡಿಯುವ ಗಳಿಗೆ. ಕಡಿದು, ಬ್ಯಾಂಕ್ ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ.

ಸ್ಕ್ರೀನ್ ಹಂಚುವ ಮೋಸವನ್ನು ಹತ್ತಿರದಿಂದ ನೋಡೋಣ. ‘ನಿಮ್ಮ ಹಣ ವಾಪಸ್ ಬರಬೇಕಿದೆ, ನಾನೇ ಸಹಾಯ ಮಾಡುತ್ತೇನೆ’ ಎನ್ನುವ ದನಿ ಒಂದು ಆ್ಯಪ್ ಹಾಕಿಸುತ್ತದೆ. ಆ ಆ್ಯಪ್ ನಕಲಿಯೇ ಆಗಬೇಕೆಂದಿಲ್ಲ, ಕಚೇರಿಗಳಲ್ಲಿ ಬಳಸುವ ನೈಜ ಆ್ಯಪ್ ಆಗಿದ್ದರೂ ಆಗಬಹುದು. ಅದು ತೋರಿಸುವ ಸಂಖ್ಯೆ ಕೇಳುತ್ತಾರೆ. ‘ಅಲೌ ಒತ್ತಿ’ ಎನ್ನುತ್ತಾರೆ. ಆಮೇಲೆ ಒಟಿಪಿ ಕೇಳುವುದೇ ಇಲ್ಲ, ಯಾಕೆಂದರೆ ಅದು ನಿಮ್ಮ ಸ್ಕ್ರೀನ್ ಮೇಲೆ ಬಂದಾಗ ಅವರಿಗೂ ಕಾಣುತ್ತಿರುತ್ತದೆ. ‘ನಾನು ಯಾರಿಗೂ ಒಟಿಪಿ ಹೇಳಲೇ ಇಲ್ಲ’ ಎಂದು ಮೋಸ ಹೋದವರು ಹೇಳುವುದು ನಿಜವೇ ಆಗಿರುತ್ತದೆ.

ಇನ್ನೊಂದು, ಕರೆ ತಿರುಗಿಸುವ ಮೋಸ. ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಸಂಕೇತದ ಜೊತೆ ಒಂದು ಮೊಬೈಲ್ ನಂಬರ್ ಡಯಲ್ ಮಾಡಿ ಎನ್ನುತ್ತಾರೆ. ಮಾಡಿದರೆ ನಿಮ್ಮ ಕರೆಗಳು ಅವರಿಗೆ ಹೋಗುತ್ತವೆ, ಕರೆಯ ಮೂಲಕ ಹೇಳುವ ಒಟಿಪಿಯೂ ಅವರ ಕಿವಿಗೆ ಬೀಳುತ್ತದೆ. ಅನುಮಾನವಿದ್ದರೆ *#21# ಒತ್ತಿ ಕರೆಗಳು ಬೇರೆಡೆ ಹೋಗುತ್ತಿವೆಯೇ ನೋಡಿ, ##002# ಒತ್ತಿ ಎಲ್ಲವನ್ನೂ ರದ್ದು ಮಾಡಿ. ಫಲಿಸದಿದ್ದರೆ ಸಿಮ್ ಕಂಪನಿಗೆ ಹೇಳಿ ರದ್ದು ಮಾಡಿಸಿ.

ಸುತ್ತಲಿನವರಿಗೆಲ್ಲ ಸಿಗ್ನಲ್ ಇದ್ದು ನಿಮ್ಮದು ಮಾತ್ರ ಗಂಟೆಗಟ್ಟಲೆ ಇಲ್ಲವೇ? ನಿಮ್ಮ ಹೆಸರಿನಲ್ಲಿ ಯಾರೋ ನಕಲಿ ಸಿಮ್ ಪಡೆದಿರಬಹುದು. ಇನ್ನೊಂದು ಫೋನಿನಿಂದ ಕೂಡಲೇ ಸಿಮ್ ಕಂಪನಿಗೆ ಕರೆ ಮಾಡಿ. ಇ-ಮೇಲ್‌ನಂಥ ಮುಖ್ಯ ಖಾತೆಗಳಿಗೆ ಎಸ್‌ಎಂಎಸ್ ಒಟಿಪಿ ಬದಲು ಅಥೆಂಟಿಕೇಟರ್ ಆ್ಯಪ್ (ಫೋನಿನಲ್ಲೇ ಒಟಿಪಿ ತಯಾರಿಸುವ ಆ್ಯಪ್) ಅಥವಾ ಪಾಸ್‌ಕೀ (ಪಾಸ್‌ವರ್ಡ್ ಬದಲು ಬೆರಳಚ್ಚು, ಮುಖ ಅಥವಾ ಫೋನಿನ ಪಿನ್‌ನಿಂದ ಲಾಗಿನ್ ಆಗುವ ವಿಧಾನ) ಬಳಸಿದರೆ ಈ ಅಪಾಯ ಬಹಳ ಕಡಿಮೆ.

ಮನೆಯಲ್ಲಿ ಯಾರಾದರೂ ಮೋಸ ಹೋದರೆ ದಯವಿಟ್ಟು ಬೈಯಬೇಡಿ. ಬೈಗುಳಕ್ಕೆ ಹೆದರಿ ಹಿರಿಯರು ಎರಡು ದಿನ ಮುಚ್ಚಿಟ್ಟರೆ ಹಣ ಕೈಯಿಂದ ಕೈಗೆ ದಾಟಿ ಹೋಗಿರುತ್ತದೆ. ಮೊದಲ ಗಂಟೆಯಲ್ಲೇ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿದರೆ ತಡೆಹಿಡಿಯುವ ಅವಕಾಶ ಇರುತ್ತದೆ. ‘ಏನೇ ಆದರೂ ಮೊದಲು ನನಗೆ ಹೇಳಿ’ ಎಂಬ ಧೈರ್ಯವನ್ನು ಇಂದೇ ಕೊಟ್ಟಿಡಿ.

ವಾಹನ ಓಡಿಸುವಾಗ ಫೋನ್ ಮುಟ್ಟಬೇಡಿ. ಹಾಗೆ ಬಳಸುವವರಿಗೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಂತ 6: ಕಳೆದೇ ಹೋದರೆ, ಈ ಕ್ರಮದಲ್ಲಿ

1. ಬೇರೆ ಫೋನಿನಿಂದ ಲಾಗಿನ್ ಆಗಿ, ಕಳೆದ ಫೋನನ್ನು ‘ಲಾಸ್ಟ್’ ಎಂದು ಗುರುತಿಸಿ ಲಾಕ್ ಮಾಡಿ. ಸಂಪರ್ಕಿಸಲು ಮನೆಯವರ ನಂಬರ್ ಸ್ಕ್ರೀನ್ ಮೇಲೆ ಕಾಣುವಂತೆ ಹಾಕಿ.
2. ಬ್ಯಾಂಕಿಗೆ ಕರೆ ಮಾಡಿ ಮೊಬೈಲ್ ವ್ಯವಹಾರ ನಿಲ್ಲಿಸಿ.
3. ಸಿಮ್ ಬ್ಲಾಕ್ ಮಾಡಿಸಿ, ಅದೇ ನಂಬರಿನ ಹೊಸ ಸಿಮ್ ಪಡೆಯಿರಿ.
4. ಇ-ಮೇಲ್ ಪಾಸ್‌ವರ್ಡ್ ಬದಲಿಸಿ. ಉಳಿದ ಖಾತೆಗಳ ಬೀಗದ ಕೈ ಅಲ್ಲೇ ಇರುವುದು.
5. ಐಎಂಇಐ ಸಮೇತ ಪೊಲೀಸರಿಗೆ ದೂರು ಕೊಡಿ.
6. ಸಿಗುವ ಆಸೆ ಬಿಟ್ಟ ಮೇಲಷ್ಟೇ ದೂರದಿಂದ ಎಲ್ಲವನ್ನೂ ಅಳಿಸಿ. ಆಂಡ್ರಾಯ್ಡ್ ಫೋನನ್ನು ಅಳಿಸಿದ ಮೇಲೆ ಅದು ಎಲ್ಲಿದೆ ಎಂದು ನೋಡಲಾಗದು.

ನಕ್ಷೆಯಲ್ಲಿ ಅಪರಿಚಿತ ಮನೆ ಕಂಡರೆ ಒಬ್ಬರೇ ಹುಡುಕಿಕೊಂಡು ಹೋಗಬೇಡಿ, ಪೊಲೀಸರಿಗೆ ತೋರಿಸಿ. ಕೆಲವು ದಿನಗಳ ನಂತರ ‘ನಿಮ್ಮ ಫೋನ್ ಸಿಕ್ಕಿದೆ, ನೋಡಲು ಈ ಲಿಂಕ್ ಒತ್ತಿ’ ಎಂಬ ಮೆಸೇಜ್ ಬರಬಹುದು. ಅದನ್ನು ಕಳಿಸುವುದು ಎಷ್ಟೋ ಸಲ ಕಳ್ಳರೇ. ಆ ಪುಟ ಆಪಲ್ ಅಥವಾ ಗೂಗಲ್‌ನ ಪುಟದಂತೆಯೇ ಕಂಡು ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಅದು ಸಿಕ್ಕರೆ ಫೋನಿಗೆ ಅಂಟಿದ ಖಾತೆಯ ಬೀಗ ತೆಗೆದು ಮಾರಬಹುದೆಂಬುದು ಅವರ ಲೆಕ್ಕ. ಹಾಗಾಗಿ ಕಳೆದ ಫೋನನ್ನು ನಿಮ್ಮ ಖಾತೆಯ ಪಟ್ಟಿಯಿಂದ ತೆಗೆದುಹಾಕಲೂಬೇಡಿ.

ಹಂತ 7: ರಿಪೇರಿಗೆ ಕೊಡುವಾಗ, ಮಾರುವಾಗ

ರಿಪೇರಿಯವರು ಪಿನ್ ಕೇಳಿದರೆ ‘ಯಾಕೆ’ ಎಂದು ಕೇಳುವ ಹಕ್ಕು ನಿಮಗಿದೆ. ಸ್ಕ್ರೀನ್ ಅಥವಾ ಬ್ಯಾಟರಿ ಬದಲಿಸಲು ನಿಮ್ಮ ಫೋಟೊ ನೋಡಬೇಕಿಲ್ಲ. ಸ್ಯಾಮ್‌ಸಂಗ್‌ನ ‘ಮೈಂಟೆನೆನ್ಸ್ ಮೋಡ್’, ಪಿಕ್ಸೆಲ್‌ನ ‘ರಿಪೇರ್ ಮೋಡ್’ ಆನ್ ಮಾಡಿಕೊಟ್ಟರೆ ಫೋನ್ ಪರೀಕ್ಷಿಸಬಹುದು, ನಿಮ್ಮ ಮಾಹಿತಿ ಕಾಣದು. ಆ ಸೌಲಭ್ಯ ಇಲ್ಲದಿದ್ದರೆ ಬ್ಯಾಕಪ್ ತೆಗೆದು, ರೀಸೆಟ್ ಮಾಡಿ (ಎಲ್ಲ ಮಾಹಿತಿ ಅಳಿಸಿ ಹೊಸದರಂತೆ ಮಾಡಿ) ಕೊಡಿ. ಸಿಮ್ ಮತ್ತು ಮೆಮೊರಿ ಕಾರ್ಡ್ ನಿಮ್ಮಲ್ಲೇ ಇರಲಿ.

ಮಾರುವಾಗ, ಅಥವಾ ಮನೆಯ ಮಕ್ಕಳಿಗೆ ಕೊಡುವಾಗಲೂ, ಮೊದಲು ಅಥೆಂಟಿಕೇಟರ್ ಆ್ಯಪ್‌ನ ಖಾತೆಗಳನ್ನು ಹೊಸ ಫೋನಿಗೆ ದಾಟಿಸಿ, ಅಲ್ಲಿಂದ ಒಮ್ಮೆ ಲಾಗಿನ್ ಆಗಿ ನೋಡಿ. ಇದನ್ನು ಮರೆತು ಹಳೆಯದನ್ನು ಅಳಿಸಿದರೆ ನಿಮ್ಮದೇ ಖಾತೆಗೆ ನೀವೇ ಹೊರಗಿನವರಾಗುತ್ತೀರಿ. ಆಮೇಲೆ ಗೂಗಲ್ ಅಥವಾ ಆಪಲ್ ಖಾತೆಯಿಂದ ಸೈನ್ ಔಟ್ ಆಗಿ. ಆಮೇಲಷ್ಟೇ ಫ್ಯಾಕ್ಟರಿ ರೀಸೆಟ್. ರೀಸೆಟ್ ಮುಗಿದ ಫೋನನ್ನು ಆನ್ ಮಾಡಿ, ಭಾಷೆ ಆರಿಸುವ ಪುಟ ದಾಟಿ, ವೈ-ಫೈಗೆ ಸೇರಿಸಿ ಮುಂದೆ ಹೋಗಿ. ಹಳೆಯ ಮಾಲೀಕರ ಪಾಸ್‌ವರ್ಡ್ ಅಥವಾ ಪಿನ್ ಕೇಳಿದರೆ ಖಾತೆ ಇನ್ನೂ ಬಿಟ್ಟಿಲ್ಲ ಎಂದರ್ಥ, ಲಾಗಿನ್ ಆಗಿ ತೆಗೆದು ಮತ್ತೆ ರೀಸೆಟ್ ಮಾಡಿ. ಏನೂ ಕೇಳದೆ ಹೊಸ ಖಾತೆ ಸೇರಿಸಲು ಹೇಳಿದರೆ ಆಫ್ ಮಾಡಿ ಕೊಟ್ಟುಬಿಡಿ.